ಎರಡು ಲಿಫ್ಟು ಮತ್ತು ನಮ್ಮ ಪದ್ಯ

ನಗರದ ಬಹುಮಹಡಿ ಕಟ್ಟಡಗಳ ಮೇಲೆ ನಾವು ಬರೆದ ಪದ್ಯಗಳಿಗೆಲ್ಲ ಹೆಚ್ಚು ಕಡಿಮೆ ಒಂದೇ ಚೌಕಟ್ಟು. ಕಲ್ಲು ಹೊತ್ತವರು ನಾವು, ಒಳಗೆ ಕೂತವರು ಅವರು. ಕೊನೆಗೆ ಕಟ್ಟಡ ಉರುಳಬೇಕು, ಇಲ್ಲವೇ ಕೆಂಪು ಸೂರ್ಯ ಹುಟ್ಟಬೇಕು. ಕಾಲೇಜಿನಲ್ಲಿ ನಾನೂ ಇಂಥದೊಂದು ಬರೆದು ಚಪ್ಪಾಳೆ ಗಿಟ್ಟಿಸಿದ್ದೇನೆ. ಆ ಪದ್ಯ ಸುಳ್ಳಲ್ಲ. ಆದರೆ ಸಾಲದು.

ಮೊದಲು ಅದರ ನಿಜ ನೋಡೋಣ. ನಮ್ಮಪ್ಪ ಶಹಾಬಾದಿನ ಖಣಿಯಲ್ಲಿ ಫರಸಿ ಎಬ್ಬಿಸಿದವ. ಆ ಫರಸಿ ಎಷ್ಟೋ ಊರುಗಳ ಮನೆಗಳಿಗೆ ನೆಲವಾಯಿತು. ಅದೇ ಸೀಮೆಯ ಸುಣ್ಣಕಲ್ಲನ್ನು ಪುಡಿ ಮಾಡಿ ಸುಮಾರು 1450 ಡಿಗ್ರಿ ಕಾವಿನಲ್ಲಿ ಸುಟ್ಟರೆ ಸಿಮೆಂಟಿನ ಕ್ಲಿಂಕರ್. ವಾಡಿ, ಸೇಡಂ, ಮಳಖೇಡ, ಆಮೇಲೆ ಚಿಂಚೋಳಿ ತಾಲೂಕು, ಹೀಗೆ ಸಾಲಾಗಿ ಸಿಮೆಂಟು ಕಾರ್ಖಾನೆಗಳು ಎದ್ದವು. 9ನೇ ಶತಮಾನದಲ್ಲಿ ‘ಕವಿರಾಜಮಾರ್ಗ’ ಹುಟ್ಟಿದ್ದು ಇದೇ ಮಳಖೇಡದ ಆಸ್ಥಾನದಲ್ಲಿ. ಕಾವ್ಯದ ದಾರಿ ಹೇಳಿದ ನೆಲ ಈಗ ಕಟ್ಟಡಕ್ಕೆ ಸಿಮೆಂಟು ಕೊಡ್ತದೆ. ಆ ಸಿಮೆಂಟು ಹೋದ ದಾರಿಯಲ್ಲೇ ನಮ್ಮ ಜನ ಬೆಂಗಳೂರು, ಪುಣೆ, ಮುಂಬಯಿ, ಹೈದರಾಬಾದಿಗೆ ದುಡಿಲಿಕ್ಕೆ ಗುಳೆ ಹೋಗ್ತಾರೆ. 2020ರ ಮೇ 5ರಂದು ಬಿಲ್ಡರುಗಳ ಜೊತೆ ಸಭೆ ಮುಗಿಸಿದ ಕರ್ನಾಟಕ ಸರ್ಕಾರ, ಹೊರರಾಜ್ಯದ ಕಾರ್ಮಿಕರು ಊರಿಗೆ ಮರಳುವ ರೈಲುಗಳನ್ನೇ ರದ್ದು ಮಾಡಿತು. ದೇಶವೆಲ್ಲ ಉಗಿದ ಮೇಲೆ ಮತ್ತೆ ಬಿಟ್ಟಿತು. ಕಟ್ಟಡಕ್ಕೆ ನಮ್ಮ ಕೈ ಎಷ್ಟು ಬೇಕು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ.

ಹಾಗಾದರೆ ಸಾಲದ್ದು ಏನು? ನಮ್ಮಕ್ಕ ಬೆಂಗಳೂರಿನ ಒಂದು ಭಾರೀ ಅಪಾರ್ಟ್‌ಮೆಂಟಿನಲ್ಲಿ ಮನೆಗೆಲಸ ಮಾಡ್ತಾಳೆ. ಅವಳಿಗೆ ನನ್ನ ಪದ್ಯ ಓದಿ ಹೇಳಿದೆ. ‘ತಮ್ಮಾ, ಕಟ್ಟಿದೋರು ಯಾರಂತ ಆ ಬಾಯಾರಿಗೂ ಗೊತ್ತದ. ಅವರು ಹೋಗೋ ಲಿಫ್ಟಿನ್ಯಾಗ ನನಗ ಯಾಕ ಬಿಡಂಗಿಲ್ಲ, ಅದನ್ನ ಬರಿ. ನಾ ಮಾಡಿದ ರೊಟ್ಟಿ ಉಣ್ತಾರ, ನನ್ನ ಜೋಡಿ ಎರಡು ನಿಮಿಷ ನಿಂದ್ರಂಗಿಲ್ಲ’ ಅಂದಳು. ಡಿಗ್ರಿ ಮುಟ್ಟಿದ ನನಗೆ ಶಾಲೆ ಬಿಟ್ಟ ಅಕ್ಕ ಹೇಳಿದ ವಿಮರ್ಶೆ ಇದು.

ಮನೆಗೆಲಸದವರು, ಕಸದವರು, ಸಾಮಾನು ತರುವವರು ಸರ್ವಿಸ್ ಲಿಫ್ಟ್ ಬಳಸಬೇಕು ಎಂಬ ಬೋರ್ಡಿನಲ್ಲಿ ಜಾತಿ ಅನ್ನೋ ಶಬ್ದವೇ ಇಲ್ಲ. ಅದೇ ಅದರ ಜಾಣತನ. ಊರಿನ ಗೌಡ ‘ದೂರ ನಿಲ್ಲು’ ಅಂದರೆ ಸಂವಿಧಾನದ 17ನೇ ವಿಧಿ ತೋರಿಸಬಹುದು, 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಕೇಸು ಹಾಕಬಹುದು. ಬೋರ್ಡು ‘ಸ್ವಚ್ಛತೆ’ ಅಂತದೆ, ‘ಭದ್ರತೆ’ ಅಂತದೆ. ಯಾರ ಮೇಲೆ ಕೇಸು? ಊರಿನಲ್ಲಿ ಕೇರಿ ನೆಲದ ಮೇಲೆ ಹರಡಿತ್ತು, ಇಲ್ಲಿ ನೆಟ್ಟಗೆ ನಿಂತಿದೆ.

‘ಆ ಲಿಫ್ಟಿನಲ್ಲಿ ಎಲ್ಲ ಜಾತಿಯ ಬಡವರೂ ಹೋಗ್ತಾರಲ್ಲ, ಇದು ವರ್ಗದ ಪ್ರಶ್ನೆ’ ಅಂತ ಗೆಳೆಯರು ವಾದಿಸುತ್ತಾರೆ. ಹೌದು, ಹೋಗ್ತಾರೆ. ಆದರೆ ಪಕ್ಕದಲ್ಲಿ ನಿಂತರೆ ಮೈಲಿಗೆ ಎಂಬ ಲೆಕ್ಕ ಕೂಲಿಯ ಲೆಕ್ಕವಲ್ಲ. ಅದು ಜಾತಿ ಕಲಿಸಿದ ಪಾಠ. ನಮ್ಮ ಮೇಲೆ ಕಲಿತದ್ದನ್ನು ಈಗ ಎಲ್ಲ ದುಡಿಯುವವರ ಮೇಲೂ ಪ್ರಯೋಗಿಸುತ್ತಿದ್ದಾರೆ. ವರ್ಗ ಮತ್ತು ಜಾತಿ ಬೇರೆಬೇರೆಯೆಂದು ಜಗಳಾಡುವ ನಾವು ಆ ಲಿಫ್ಟಿನ ಮುಂದೆ ಒಮ್ಮೆ ನಿಲ್ಲಬೇಕು.

ನಮ್ಮ ಪದ್ಯ ಕಟ್ಟಡದ ಹೊರಗೆ ನಿಂತು ಸಿಟ್ಟಾಗ್ತದೆ. ದಿನಾ ಒಳಗೆ ಹೋಗಿ ಬರುವವರು ನಮ್ಮ ಹೆಣ್ಣುಮಕ್ಕಳು. ಅವರ ಮಾತು ಬಾರದ ಪದ್ಯ ಬರೀ ಘೋಷಣೆ. ಸೇಡಂ, ಚಿತ್ತಾಪುರ, ಚಿಂಚೋಳಿಯ ಮಾಸ್ತರರೇ, ಗೆಳೆಯರೇ, ಗುಳೆ ಹೋದವರು ಹಬ್ಬಕ್ಕೆ ಊರಿಗೆ ಬಂದಾಗ ಕೂಡಿಸಿಕೊಂಡು ಕೇಳಿ. ಯಾವ ಬಾಗಿಲು, ಯಾವ ಲಿಫ್ಟು, ಯಾವ ಲೋಟ? ಕೇಳಿದ್ದನ್ನು ಬರೆದಿಟ್ಟುಕೊಳ್ಳಿ. ಪದ್ಯ ಆಮೇಲೆ ಬರೆಯೋಣ.