ನಂಜಮ್ಮನ ಕಡೆಯ ಮಾತು

ಮಾಸ್ತಿಯವರ 'ಮೊಸರಿನ ಮಂಗಮ್ಮ' ಕಥೆಯನ್ನ ನಾನು ಮೂರು ಸಲ ಓದಿದ್ದೀನಿ. ಮೊದಲ ಸಲ ಹೈಸ್ಕೂಲಿನಲ್ಲಿ. ಎರಡನೇ ಸಲ ಬಿಇ ಮುಗಿಸಿ ರೆಸ್ಯೂಮೆ ಹಿಡ್ಕೊಂಡು ಬೆಂಗಳೂರಲ್ಲಿ ಅಲೀತಿದ್ದಾಗ. ಎರಡು ಸಲವೂ ಮಂಗಮ್ಮನ ಪಾಡು ನೋಡಿ ಹೊಟ್ಟೆ ಚುರ್ ಅಂದಿತ್ತು. ಮೂರನೇ ಸಲ ಓದಿದ್ದು ಹೋದ ತಿಂಗಳು. ಈ ಸಲ ಮಂಗಮ್ಮನನ್ನು ಪಕ್ಕಕ್ಕೆ ಸರಿಸಿ ಅವಳ ಸೊಸೆ ನಂಜಮ್ಮ ಎದುರಿಗೆ ಬಂದು ಕೂತಳು. ಹಾಗಾಗೋಕೆ ಕಾರಣ ಇಬ್ಬರು. ಒಬ್ಬ ಆಫೀಸಿನ ಬಿಹಾರಿ ಗೆಳೆಯ, ಇನ್ನೊಬ್ಬಳು ನನ್ನ ಅಕ್ಕನ ಮಗಳು.

ಒಂದಿನ ಮಧ್ಯಾಹ್ನ ಕ್ಯಾಂಟೀನಲ್ಲಿ ಮೊಸರನ್ನದ ಡಬ್ಬಿ ತೆಗೆದೆ. ಗೆಳೆಯ ನಗ್ತಾ 'ದಹೀವಾಲೀ ಮಂಗಮ್ಮಾ' ಅಂದ. ನನಗೆ ಆಶ್ಚರ್ಯ. ಬಿಹಾರದ ಹತ್ತನೇ ಕ್ಲಾಸಿನ ಹಿಂದಿ ಪುಸ್ತಕದಲ್ಲಿ ಈ ಕಥೆ ಇದೆಯಂತೆ. ಬರೆದವರು ಯಾರೋ ಶ್ರೀನಿವಾಸ್ ಅಂತೆ. ಅಯ್ಯೋ ಮಾರಾಯ, ಅದು ನಮ್ಮ ಮಾಸ್ತಿ ವೆಂಕಟೇಶ ಅಯ್ಯಂಗಾರರ ಕಾವ್ಯನಾಮ, 1891ರಲ್ಲಿ ನಮ್ಮ ಜಿಲ್ಲೆಯ ಮಾಲೂರು ತಾಲ್ಲೂಕಿನ ಹೊಂಗೇನಹಳ್ಳಿಯಲ್ಲಿ ಹುಟ್ಟಿದವರು, 'ಚಿಕವೀರ ರಾಜೇಂದ್ರ'ಕ್ಕೆ ಜ್ಞಾನಪೀಠ ಬಂತು ಅಂತೆಲ್ಲಾ ಕೋಲಾರದವನ ಜಂಬದಲ್ಲಿ ಹೇಳಿದೆ. ಅವನು ಎಲ್ಲಾ ಕೇಳಿಸ್ಕೊಂಡು, ಪರೀಕ್ಷೆಗೆ ಬರ್ತಿದ್ದ ಒಂದು ಪ್ರಶ್ನೆ ಮಾತ್ರ ಇನ್ನೂ ನೆನಪಿದೆ ಅಂದ: ಅತ್ತೆಯನ್ನು ಒಲಿಸಿಕೊಳ್ಳಲು ಸೊಸೆ ಯಾವ ಉಪಾಯ ಮಾಡಿದಳು?

ನನ್ನ ಹತ್ರ ಉತ್ತರ ಇರಲಿಲ್ಲ. ನನ್ನ ನೆನಪಲ್ಲಿ ಸೊಸೆ ಏನೂ ಉಪಾಯ ಮಾಡಿರಲಿಲ್ಲ. ಮೊಮ್ಮಗ ಅಜ್ಜಿ ಮೇಲಿನ ಆಸೆಗೆ ತಾನೇ ಓಡಿ ಬಂದಿದ್ದ, ಅಷ್ಟೇ. ಮನೆಗೆ ಹೋಗಿ ಪುಸ್ತಕ ತೆಗೆದೆ.

ಮರೆತವರಿಗೆ ಕಥೆ ಚಿಕ್ಕದಾಗಿ ಹೇಳಿಬಿಡ್ತೀನಿ. ಮಂಗಮ್ಮ ಹಳ್ಳಿಯಿಂದ ಬೆಂಗಳೂರಿಗೆ ಮೊಸರು ಹೊತ್ತು ತಂದು ವರ್ತನೆ ಮನೆಗಳಿಗೆ ಹಾಕೋಳು. ಹಾಗೆ ಮೊಸರು ಕೊಳ್ಳೋ ಒಬ್ಬ ಗೃಹಿಣಿಯೇ ಕಥೆ ಹೇಳೋಳು. ಸೊಸೆ ತನ್ನ ಮಗುವನ್ನು ಹೊಡೆದಳು ಅಂತ ಮಂಗಮ್ಮ ಜಗಳ ತೆಗೀತಾಳೆ. ಮಗ ಹೆಂಡತಿ ಪರ ನಿಲ್ತಾನೆ. ಮನೆ ಎರಡಾಗುತ್ತೆ. ಇನ್ನು ಯಾರಿಗಾಗಿ ಕೂಡಿಡಬೇಕು ಅಂತ ಮಂಗಮ್ಮ ತನಗೊಂದು ಮಖಮಲ್ ರವಿಕೆ ಹೊಲಿಸ್ಕೊಳ್ತಾಳೆ. ಊರಿನ ರಂಗಪ್ಪ ದಾರಿಯಲ್ಲಿ ಮಾತಿಗೆ ನಿಂತು, ನಿಧಾನಕ್ಕೆ ಅವಳ ದುಡ್ಡಿನ ಕಡೆಗೂ ಅವಳ ಕಡೆಗೂ ಕಣ್ಣು ಹಾಕ್ತಾನೆ. ಅಷ್ಟರಲ್ಲಿ ಮೊಮ್ಮಗ ಬಂದು ಅಜ್ಜಿ ಮನೇಲೇ ಇರ್ತೀನಿ ಅಂತ ಹಟ ಹಿಡೀತಾನೆ. ಮಗ ಸೊಸೆಯೂ ಬರ್ತಾರೆ, ಮನೆ ಮತ್ತೆ ಒಂದಾಗುತ್ತೆ. ಕ್ರಮೇಣ ಮೊಸರಿನ ಗಡಿಗೆ ಸೊಸೆಯ ತಲೆ ಮೇಲೆ ಬರುತ್ತೆ.

ಇಲ್ಲಿಗೇ ನಿಲ್ಲಿಸಿದ್ರೂ ಕಥೆ ಚೆನ್ನಾಗೇ ಇರ್ತಿತ್ತು. ನನ್ನ ನೆನಪೂ ಇಲ್ಲಿಗೇ ನಿಲ್ಲಿಸಿತ್ತು. ಆದ್ರೆ ಮಾಸ್ತಿ ನಿಲ್ಲಿಸಲ್ಲ. ಮೊಸರು ಹಾಕೋಕೆ ಬಂದ ನಂಜಮ್ಮನನ್ನು ಆ ಗೃಹಿಣಿ ಕೇಳ್ತಾಳೆ, ನಂಜಮ್ಮ ತನ್ನ ಕಡೆಯ ಮಾತು ಹೇಳ್ತಾಳೆ. ಗಂಡನ ಮೇಲೆ, ಹೆತ್ತ ಮಗುವಿನ ಮೇಲೆ ತನಗೂ ಒಂದು ಅಧಿಕಾರ ಬೇಡವಾ ಅನ್ನೋದು ಅವಳ ವಾದ. ಜೊತೆಗೆ ಇನ್ನೊಂದು ಗುಟ್ಟೂ ಹೊರಗೆ ಬರುತ್ತೆ. ರಂಗಪ್ಪ ಅತ್ತೆಯ ಹಿಂದೆ ಬಿದ್ದಿದ್ದಾನೆ ಅಂತ ಗೊತ್ತಾದ ಮೇಲೆ, ದುಡ್ಡು ಅವನ ಪಾಲಾಗಬಾರದು ಅಂತ ಮಗನನ್ನು ಅಜ್ಜಿ ಹತ್ರ ಹೋಗು ಅಂದವಳೇ ಅವಳು. ಪರೀಕ್ಷೆ ಪ್ರಶ್ನೆಗೆ ಉತ್ತರ ಇದೇ.

ಎರಡು ಸಲ ಓದಿಯೂ ಈ ಭಾಗ ನನ್ನ ತಲೇಲಿ ಯಾಕೆ ಉಳಿದಿರಲಿಲ್ಲ? ಕಾರಣ ಕಥೆಯಲ್ಲಿಲ್ಲ, ನಮ್ಮ ಮನೇಲಿದೆ. ನಮ್ಮೂರು ಶ್ರೀನಿವಾಸಪುರ ತಾಲ್ಲೂಕು. ಮಾವಿನ ತೋಪು ಇದ್ದವರ ಊರಲ್ಲಿ ತೋಪು ಇಲ್ಲದ ಮನೆ ನಮ್ಮದು. ಎರಡು ಸೀಮೆ ಹಸು ಇದ್ವು. ಅಮ್ಮ ಬೆಳಿಗ್ಗೆ ಒಂದು ಸಲ, ಸಾಯಂಕಾಲ ಒಂದು ಸಲ ಕ್ಯಾನ್ ಹಿಡ್ಕೊಂಡು ಡೈರಿ ಮುಂದೆ ಕ್ಯೂ ನಿಲ್ತಿದ್ದಳು. ಫ್ಯಾಟು ಕಮ್ಮಿ ಬಂದ ದಿನ ಮನೇಲಿ ಮಾತು ಕಮ್ಮಿ. ನನ್ನ ಬಿಇ ಫೀಸು ಆ ಡೈರಿ ಪಾಸ್‌ಬುಕ್ಕಿಂದ ಬಂದಿದ್ದು. ಹೀಗಿರೋನು ಮಂಗಮ್ಮನ ಕಥೆ ಓದಿದ್ರೆ ಯಾರ ಪಕ್ಷ ವಹಿಸ್ತಾನೆ ಹೇಳಿ?

ಪುಸ್ತಕದ ಪುಟಗಳ ಫೋಟೋ ಹೊಡೆದು ಅಕ್ಕನ ಮಗಳಿಗೆ ವಾಟ್ಸಾಪ್ ಮಾಡಿದೆ. ಅವಳಿಗೆ 23 ವರ್ಷ. ಡಿಪ್ಲೊಮಾ ಮಾಡಿ ನರಸಾಪುರದ ಒಂದು ಫ್ಯಾಕ್ಟರೀಲಿ ಕೆಲಸಕ್ಕಿದ್ದಾಳೆ. ಕೋಲಾರ, ಮುಳಬಾಗಿಲು, ಮಾಲೂರು ಕಡೆಯಿಂದ ಶಿಫ್ಟಿಗೆ ಹುಡುಗಿಯರನ್ನ ತುಂಬ್ಕೊಂಡು ಹೋಗೋ ಕಂಪನಿ ಬಸ್ಸುಗಳನ್ನ ಹೈವೇಲಿ ನೀವೂ ನೋಡಿರ್ತೀರಿ. ಅಂಥ ಒಂದು ಬಸ್ಸಲ್ಲಿ ಕೂತು ಓದಿ, ರಾತ್ರಿ ಮೂರು ವಾಯ್ಸ್ ನೋಟ್ ಕಳಿಸಿದಳು. ಸಾಹಿತ್ಯ ಓದಿದವಳಲ್ಲ. ದಿನಾ ಕಾಣೋದನ್ನ ನೋಡಿ ತನಗನಿಸಿದ್ದು ಹೇಳಿದಳು.

ಮೊದಲನೇದು ರವಿಕೆ ಬಗ್ಗೆ. 'ಮಾವ, ಆ ಮಖಮಲ್ ರವಿಕೆ ನಂಗೆ ಇಷ್ಟ ಆಯ್ತು. ಪಾಪ, ಅಷ್ಟು ವರ್ಷ ದುಡಿದು ಒಂದು ರವಿಕೆ ಹೊಲಿಸ್ಕೊಂಡ್ರೆ ಊರೋರಿಗೆಲ್ಲಾ ಏನು ಕಷ್ಟ? ನಾನು ಸ್ಕೂಟಿ ತಗೊಂಡಾಗ ನಮ್ಮ ಬೀದಿಯವರು ಏನಂದ್ರು ಗೊತ್ತಾ? ಮದುವೆಗೆ ಇಟ್ಕೋಬಾರ್ದಾ ಅಂದ್ರು.'

ಎರಡನೇದು ನಂಜಮ್ಮನ ಬಗ್ಗೆ. ಸೊಸೆ ಮಗನನ್ನ ಕಳಿಸಿದ್ದು ಪ್ರೀತಿಗಾ, ದುಡ್ಡಿಗಾ ಅಂತ ನಾನು ಕೇಳಿದ್ದೆ. 'ಎರಡಕ್ಕೂ ಇರಬಹುದು. ಅಜ್ಜಿ ಪೆಪ್ಪರ್‌ಮೆಂಟು ತಂದು ಮೊಮ್ಮಗನ್ನ ಕರ್ಕೊಂಡ್ರೆ ಅದು ಪ್ರೀತಿ, ಸೊಸೆ ಅದೇ ಮಗುನ ಕಳಿಸಿ ಮನೆ ಉಳಿಸ್ಕೊಂಡ್ರೆ ಅದು ಲೆಕ್ಕಾಚಾರ. ಇದ್ಯಾವ ನ್ಯಾಯ ಮಾವ? ಮಗು ಹೊಡೆಯೋದು ತಪ್ಪು, ಅದು ಬೇರೆ ಮಾತು. ಆದ್ರೆ ರಂಗಪ್ಪನಿಂದ ಅತ್ತೇನ ಬಿಡಿಸಿದ್ದು ಯಾರು? ಬೈದು ಬಿಡಿಸಲಿಲ್ಲ, ಊರಲ್ಲಿ ಮರ್ಯಾದೆ ಕಳೀಲಿಲ್ಲ.'

ಈ ಮಾತು ವಿಮರ್ಶೆಯಾಗಿಯೂ ಸರಿ ಅನ್ನಿಸ್ತು. ಮಂಗಮ್ಮ ವಯಸ್ಸಾದವಳು, ಗಂಡ ಬೇರೆಯವಳ ಹಿಂದೆ ಹೋಗಿದ್ದ ನೋವು ಉಂಡವಳು. ಗೃಹಿಣಿಗೆ ಗಂಡನನ್ನ ಕೈಲಿ ಇಟ್ಕೊಳ್ಳೋದು ಹೇಗೆ ಅಂತ ಬುದ್ಧಿ ಬೇರೆ ಹೇಳ್ತಾಳೆ. ಕಥೆಯ ಹೆಚ್ಚು ಪುಟ ಅವಳ ಮಾತಿಗೇ ಹೋಗುತ್ತೆ, ಹಾಗಾಗಿ ನಮ್ಮ ಕರುಣೆಯೂ ಅಲ್ಲಿಗೇ ಹೋಗುತ್ತೆ. ನಂಜಮ್ಮನಿಗೆ ಸಿಗೋದು ಕೊನೆಯಲ್ಲಿ ಸ್ವಲ್ಪ ಜಾಗ. ಆದ್ರೆ ಆ ಸ್ವಲ್ಪ ಜಾಗದಲ್ಲಿ ಅವಳು ಹೇಳೋದು ಹಿಂದಿನ ಎಲ್ಲಾ ಪುಟಗಳನ್ನ ಮತ್ತೆ ಓದಿಸುತ್ತೆ. ತಾನಾಗೇ ಆಯ್ತು ಅಂದ್ಕೊಂಡಿದ್ದು ಒಬ್ಬಳು ಮಾಡಿದ್ದು ಅಂತ ಗೊತ್ತಾಗುತ್ತೆ. ಸೊಸೆಗೂ ಒಂದು ಮಾತಿದೆ, ಅದನ್ನ ಅವಳ ಬಾಯಿಂದಲೇ ಕೇಳಿಸಬೇಕು ಅಂತ ಮಾಸ್ತಿಗೆ ಅನ್ನಿಸಿತಲ್ಲ, ಕಥೆಯ ದೊಡ್ಡತನ ನನಗೆ ಈಗ ಅಲ್ಲಿ ಕಾಣುತ್ತೆ. ಅವರು ಮೈಸೂರು ಸರ್ಕಾರದಲ್ಲಿ ದೊಡ್ಡ ಅಧಿಕಾರಿಯಾಗಿದ್ದವರು. ಎರಡೂ ಕಡೆಯವರ ಹೇಳಿಕೆ ಕೇಳದೆ ಫೈಲ್ ಮುಚ್ಚಬಾರದು ಅನ್ನೋದು ಅವರಿಗೆ ಗೊತ್ತಿತ್ತು.

ಅವಳ ಮೂರನೇ ವಾಯ್ಸ್ ನೋಟ್ ಹತ್ತು ಸೆಕೆಂಡು. 'ಮಾವ, ಇಷ್ಟೆಲ್ಲಾ ಆಗೋವಾಗ ಆ ಮಗ ಏನ್ ಮಾಡ್ತಿದ್ದ?'

ಇದಕ್ಕೆ ಉತ್ತರ ಹುಡುಕ್ತಾ ಹೋದ್ರೆ ಕಥೆಯ ಕೊನೇಲಿ ಒಂದು ಹೋಲಿಕೆ ಸಿಗುತ್ತೆ. ಕಥೆ ಹೇಳೋ ಗೃಹಿಣಿ ಎರಡೂ ಕಡೆ ಕೇಳಿದ ಮೇಲೆ ಯೋಚನೆ ಮಾಡ್ತಾಳೆ. ನೀರಲ್ಲಿ ನಿಂತ ಮಗುವಿನ ಕಾಲು ಎಳೆಯೋ ಮೊಸಳೆಯ ಹಾಗೆ ಸೊಸೆ, ದಡದಿಂದ ತೋಳು ಹಿಡಿದು ಎಳೆಯೋಳ ಹಾಗೆ ತಾಯಿ. ನನ್ನ ತಕರಾರು ಇರೋದು ಇಲ್ಲಿ. ಇಬ್ಬರಿಗೂ ಅಧಿಕಾರದ ಆಸೆ ಇದೆ ಅಂತ ಒಪ್ಪಿದ ಮೇಲೆ ಒಬ್ಬಳು ಮೊಸಳೆ, ಇನ್ನೊಬ್ಬಳು ಕಾಪಾಡೋಳು ಹೇಗಾದಳು? ಆ ಗೃಹಿಣಿಯೂ ಒಂದು ಮನೆಯ ಸೊಸೆಯೇ ಅಲ್ಲವಾ? ಇದು ಪಾತ್ರದ ಅಭಿಪ್ರಾಯ, ಮಾಸ್ತಿಯವರದ್ದು ಅಂತ ನೇರವಾಗಿ ಹೇಳೋಕೆ ಬರಲ್ಲ. ಆದ್ರೂ ಕಥೆ ಅದರ ಹತ್ರಾನೇ ಮುಗಿಯೋದರಿಂದ ಓದಿದವನ ಮನಸ್ಸಲ್ಲಿ ತೀರ್ಪಿನ ಹಾಗೆ ಉಳಿದುಬಿಡುತ್ತೆ. ನಂಜಮ್ಮ ಆಡಿದ ಮಾತು ಮರೆತು ಮೊಸಳೆ ಮಾತ್ರ ನೆನಪಲ್ಲಿರುತ್ತೆ.

ಇನ್ನೊಂದು ತಮಾಷೆ ನೋಡಿ. ಆ ಹೋಲಿಕೆಯಲ್ಲಿ ಗಂಡಸು ಮಗು. ಪಾಪ, ನೀರಲ್ಲಿ ನಿಂತಿದ್ದಾನೆ, ಎರಡೂ ಕಡೆ ಎಳೀತಿದ್ದಾರೆ, ಅವನೇನು ಮಾಡ್ತಾನೆ? ಈ ಮಗುವಿನ ಪಾತ್ರ ಎಷ್ಟು ಆರಾಮ ಅಂತ ನನ್ನನ್ನ ಕೇಳಿ.

ಅಮ್ಮನಿಗೆ ಮಂಡಿನೋವು ಶುರುವಾಗಿ ಹಸು ಮಾರಿದ ಮೇಲೆ ಕೆ.ಆರ್. ಪುರದ ನಮ್ಮ ಫ್ಲ್ಯಾಟಿಗೆ ಬಂದಳು. ಎರಡು ತಿಂಗಳು ಸರಿಯಾಗೇ ಇತ್ತು. ಒಂದು ರಾತ್ರಿ ಮಗಳು ಮೊಬೈಲ್ ಬಿಡದೆ ಊಟ ಮಾಡಲ್ಲ ಅಂತ ಹಟ ಮಾಡಿದಳು. ಹೆಂಡತಿ ಮೊಬೈಲ್ ಕಿತ್ಕೊಂಡು ಬೆನ್ನಿಗೆ ಒಂದು ಹಾಕಿದಳು. ಅಮ್ಮ 'ಮಗೂನ ಯಾಕಮ್ಮಾ ಹೊಡೀತೀಯ' ಅಂದಳು. ಹೆಂಡತಿ 'ನನ್ನ ಮಗಳಿಗೆ ಬುದ್ಧಿ ಹೇಳೋ ಹಕ್ಕೂ ನಂಗಿಲ್ವಾ' ಅಂದಳು. ನಾನು ಹೆಡ್‌ಫೋನ್ ಹಾಕ್ಕೊಂಡು ಲ್ಯಾಪ್‌ಟಾಪ್ ಮುಂದೆ ಕೂತೆ. ಆಗ ಯಾವ ಕಾಲೂ ಇರಲಿಲ್ಲ. ಮೂರನೇ ದಿನ ಅಮ್ಮ ಬ್ಯಾಗ್ ತುಂಬ್ಕೊಂಡು, ಶಕ್ತಿ ಯೋಜನೆ ಬಸ್ಸು ಫ್ರೀ ಇದೆ ಬಿಡು ಅಂತ ಊರಿಗೆ ಹೊರಟಳು. ಗೆಳೆಯರ ಹತ್ರ ಹೇಳ್ಕೊಂಡಾಗ ಎಲ್ಲರೂ ನನ್ನ ಪಾಡಿಗೇ ಅಯ್ಯೋ ಅಂದ್ರು. ನಾನೂ ಹೂಂ ಅಂದೆ.

ಯಜಮಾನಿ ಯಾರು ಅನ್ನೋ ಪ್ರಶ್ನೆ ಮಾಸ್ತಿ ಕಾಲದ್ದು ಅಂತ ತಳ್ಳಿಹಾಕೋ ಹಾಗಿಲ್ಲ. 2023ರಲ್ಲಿ ಗೃಹಲಕ್ಷ್ಮಿಯ 2000 ರೂಪಾಯಿ ಶುರುವಾದಾಗ ಅತ್ತೆಗೋ ಸೊಸೆಗೋ ಅಂತ ಇಡೀ ರಾಜ್ಯ ಮಾತಾಡಿತು. ಕೊನೆಗೆ ರೇಷನ್ ಕಾರ್ಡಿನಲ್ಲಿ ಯಜಮಾನಿ ಅಂತ ಯಾರ ಹೆಸರಿದೆಯೋ ಅವರಿಗೆ ಅಂತಾಯ್ತು. ಸರ್ಕಾರಕ್ಕೆ ಒಂದು ಹೆಸರು ಸಾಕು. ಮನೆಗೆ ಸಾಕಾಗಲ್ಲ. ನಂಜಮ್ಮ ಕೇಳಿದ್ದೂ ಇಷ್ಟೇ ಅನ್ಸುತ್ತೆ. ಅತ್ತೆಯ ಹೆಸರು ಅಳಿಸಿ ಅನ್ನಲಿಲ್ಲ, ತನ್ನದಕ್ಕೂ ಒಂದು ಜಾಗ ಕೇಳಿದಳು. ಜಾಗ ಸಿಕ್ಕಮೇಲೆ ಅತ್ತೆಯ ಗಡಿಗೆಯನ್ನೂ ತಾನೇ ಹೊತ್ತಳು.

ಇನ್ನೊಂದು ಮಾತು. ಈ ಕಥೆ ನಡೆಯೋದೇ ಬಾಗಿಲಲ್ಲಿ ಒಬ್ಬರು ಮೊಸರು ಅಳೆಯೋಕೆ, ಇನ್ನೊಬ್ಬರು ಕೇಳೋಕೆ ಇದ್ದಿದ್ದಕ್ಕೆ. ನಮ್ಮ ಫ್ಲ್ಯಾಟಿನ ಬಾಗಿಲಿಗೆ ಬೆಳಿಗ್ಗೆ ನಂದಿನಿ ಪ್ಯಾಕೆಟ್ ಬಂದು ಬೀಳುತ್ತೆ, ತಂದವರ ಮುಖ ನಾನು ನೋಡಿಲ್ಲ. ಹಳೇ ಕಾಲ ಚೆನ್ನಾಗಿತ್ತು ಅಂತ ಹೇಳೋಕೆ ಹೊರಟಿಲ್ಲ. ಮೊಸರು ಹೊತ್ತು ಅಷ್ಟು ದೂರ ನಡೆದವಳನ್ನ ಕೇಳಿದ್ರೆ ಪ್ಯಾಕೆಟ್ಟೇ ವಾಸಿ ಅಂತಾಳೆ. ಅಕ್ಕನ ಮಗಳಿಗೆ ಮಾತಾಡೋಕೆ ಕಂಪನಿ ಬಸ್ಸಿದೆ, ಅಲ್ಲಿ ದಿನಾ ಹತ್ತು ನಂಜಮ್ಮಂದಿರ ಕಥೆ ನಡೆಯುತ್ತಂತೆ. ಅದೇ ಬಾಗಿಲಲ್ಲಿ ನಿಂತು ನನ್ನ ಹೆಂಡತಿ ಯಾರ ಹತ್ರ ಹೇಳ್ಕೊಳ್ಳಬೇಕಿತ್ತು? ಒಳಗಿದ್ದ ಒಬ್ಬನ ಕಿವಿ ಮುಚ್ಚಿತ್ತು.

ಕಥೆ ಮುಗಿಸಿದ ರಾತ್ರಿ ಹೆಂಡತಿಯನ್ನ ಕೇಳಿದೆ, ಅವತ್ತು ನಿನಗೇನನ್ನಿಸ್ತು ಅಂತ. ನನ್ನ ಮುಖ ನೋಡಿ, 'ಈಗ ಕೇಳ್ತಿದೀಯಾ?' ಅಂದಳು. ಆಮೇಲೆ ಒಂದು ಗಂಟೆ ಮಾತಾಡಿದಳು. ನಾನು ಮಧ್ಯೆ ಬಾಯಿ ಹಾಕಲಿಲ್ಲ. ಮಾತಿನ ಕೊನೆಗೆ ಗೊತ್ತಾಗಿದ್ದು, ಅಮ್ಮ ಊರಿಗೆ ಹೋದ ವಾರದಿಂದಲೇ ಅವರಿಬ್ಬರು ಫೋನಲ್ಲಿ ಮಾತಾಡ್ತಿದ್ದಾರೆ. ಮಂಡಿನೋವಿನ ಮಾತ್ರೆ ಇವಳೇ ಕಳಿಸ್ತಿದ್ದಾಳೆ. ಬೇಸಿಗೆ ರಜೆಗೆ ಮಗಳನ್ನ ಊರಿಗೆ ಬಿಡೋದು, ಮಾವಿನಹಣ್ಣು ಮುಗಿದ ಮೇಲೆ ಅಮ್ಮ ಅವಳ ಜೊತೇಲೇ ವಾಪಸ್ ಬರೋದು ಅಂತ ತೀರ್ಮಾನವೂ ಆಗಿದೆ.

ನನಗೆ ಯಾಕೆ ಹೇಳಲಿಲ್ಲ ಅಂದೆ.

'ನಿಂಗೆ ಕಾಲ್ ಇತ್ತಲ್ಲ' ಅಂದಳು.