ಕೇಳುವವರು ಯಾರು, ಉತ್ತರ ಕೊಡಬೇಕಾದವರು ಯಾರು?

ಅಮೆರಿಕದಲ್ಲಿ ನಿವೃತ್ತ ಮಹಿಳೆಯರು ವಾಸವಿದ್ದ ಒಂದು ವಸತಿ ಸಮುಚ್ಚಯಕ್ಕೆ ಎಲ್ಫ್ರೀಡಾ ಚಾಟ್‌ಮನ್ ಎಂಬ ವಿದ್ವಾಂಸೆ ಹೋಗಿಬರತೊಡಗಿದರು. ಅಕ್ಕಪಕ್ಕದಲ್ಲೇ ಬದುಕುತ್ತಿದ್ದ ಆ ಹಿರಿಯರು ತಮ್ಮ ಕಾಯಿಲೆ, ಒಂಟಿತನಗಳ ಬಗ್ಗೆ ಮಾತ್ರ ಒಬ್ಬರಿಗೊಬ್ಬರು ಬಾಯಿ ಬಿಡುತ್ತಿರಲಿಲ್ಲ. ಮೈಯಲ್ಲಿ ಕಸುವು ಕುಂದಿದೆ ಎಂದು ನಾಲ್ಕು ಜನಕ್ಕೆ ಗೊತ್ತಾದರೆ ಈ ಮನೆ ಬಿಟ್ಟು ಶುಶ್ರೂಷಾಲಯ ಸೇರಬೇಕಾದೀತು ಎಂಬ ಅಂಜಿಕೆ ಅವರದು. ಪ್ರಶ್ನಾವಳಿ ಹಿಡಿದು ಹೋದವರಾಗಿದ್ದರೆ ಇವರಿಗೆ ಆರೋಗ್ಯ ಮಾಹಿತಿಯ ಅಗತ್ಯವೇ ಇಲ್ಲ ಎಂದು ಬರೆದುಕೊಂಡು ಬರುತ್ತಿದ್ದರು. ಚಾಟ್‌ಮನ್ ಆ ಮೌನದಲ್ಲಿ ಒಂದು ಲೆಕ್ಕಾಚಾರವನ್ನು ಕಂಡರು. 1992ರಲ್ಲಿ ಬಂದ ಅವರ ‘ದಿ ಇನ್ಫರ್ಮೇಶನ್ ವರ್ಲ್ಡ್ ಆಫ್ ರಿಟೈರ್ಡ್ ವಿಮೆನ್’ ಪುಸ್ತಕ ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನಕ್ಕೆ ಹೊಸ ಕಿವಿಯನ್ನೇ ಕೊಟ್ಟಿತು.

ಸೌಲಭ್ಯವಂಚಿತ ಸಮುದಾಯಗಳ ನಡುವೆ ಈ ಶಿಸ್ತು ನಡೆಸಿಕೊಂಡು ಬಂದ ಸಂಶೋಧನೆಗೆ ಈಗ ಅರ್ಧ ಶತಮಾನದ ಇತಿಹಾಸವಿದೆ. ಬಡವರ ಮಾತನ್ನು ಕೇಳುವುದನ್ನು ಅದು ನಿಧಾನವಾಗಿ ಕಲಿಯಿತು. ಅವರು ಕೊಟ್ಟ ಮಾಹಿತಿಯ ಮೇಲೆ ಅವರಿಗೆ ಹಕ್ಕಿದೆ ಎಂಬುದನ್ನು ಇನ್ನೂ ನಿಧಾನವಾಗಿ ಒಪ್ಪಿತು. ಆದರೆ ಮಾಹಿತಿಯನ್ನು ಹಿಡಿದಿಟ್ಟುಕೊಂಡು ಕೂತ ಕಚೇರಿಯನ್ನು ಅಧ್ಯಯನದ ವಸ್ತುವಾಗಿಸಲು ಅದಕ್ಕೆ ಈಗಲೂ ಹಿಂಜರಿಕೆ. ನನ್ನ ತಕರಾರು ಇರುವುದು ಇಲ್ಲಿ. ಆ ಕೆಲಸವನ್ನು ಮೊದಲು ಮಾಡಿ ತೋರಿಸಿದವರು ರಾಜಸ್ಥಾನದ ಕೂಲಿಕಾರರು ಎಂಬುದನ್ನು ನಮ್ಮ ಪಠ್ಯಕ್ರಮಗಳು ಗಂಭೀರವಾಗಿ ತೆಗೆದುಕೊಳ್ಳಬೇಕು.

ಚಾಟ್‌ಮನ್ ಅವರಿಗಿಂತ ಮುಂಚಿನ ದಾರಿಯನ್ನು ನೋಡಿದರೆ ಅವರು ಎಷ್ಟು ದೂರ ಬಂದರೆಂಬುದು ತಿಳಿಯುತ್ತದೆ. 1975ರಲ್ಲಿ ಥಾಮಸ್ ಚೈಲ್ಡರ್ಸ್ ಮತ್ತು ಜಾಯ್ಸ್ ಪೋಸ್ಟ್ ಅಮೆರಿಕದ ‘ಮಾಹಿತಿ ಬಡವರ’ ಬಗ್ಗೆ ಒಂದು ಪುಸ್ತಕ ಬರೆದರು. ಅವರು ಗುರುತಿಸಿದ ತೊಡಕುಗಳು ಮೂರು: ಓದಿ ಅರ್ಥಮಾಡಿಕೊಳ್ಳುವ ಕೌಶಲದ ಕೊರತೆ, ಹೊರಜಗತ್ತಿನಿಂದ ಬೇರ್ಪಟ್ಟ ಉಪಸಂಸ್ಕೃತಿ, ಎಲ್ಲವನ್ನೂ ಹಣೆಬರಹಕ್ಕೆ ಬಿಡುವ ಮನೋಭಾವ. ಮೂರೂ ಇರುವುದು ಬಡವರ ಒಳಗೇ. ಗ್ರಂಥಾಲಯದ ಬಾಗಿಲು ಎಷ್ಟು ಹೊತ್ತಿಗೆ ಮುಚ್ಚುತ್ತದೆ, ಕಲ್ಯಾಣ ಇಲಾಖೆಯ ಗುಮಾಸ್ತ ಯಾರೊಂದಿಗೆ ಹೇಗೆ ಮಾತನಾಡುತ್ತಾನೆ ಎಂಬ ಪ್ರಶ್ನೆಗಳು ಹಿಂದೆ ಸರಿದವು. ಅದೇ ದಶಕದಲ್ಲಿ ಬ್ರೆಂಡಾ ಡರ್ವಿನ್ ಬೇರೆ ದಾರಿ ಹಿಡಿದರು. ನಿಮಗೆ ಯಾವ ಮಾಹಿತಿ ಬೇಕು ಎಂದು ಅವರು ಕೇಳಲಿಲ್ಲ. ಒಂದು ಸಂಕಟವನ್ನು ಮೊದಲಿಂದ ಕೊನೆಯವರೆಗೆ ಹೇಳಿಸಿ, ಎಲ್ಲಿ ನಿಂತಿರಿ, ಆಗ ಏನು ಪ್ರಶ್ನೆ ಎದ್ದಿತು, ಯಾವುದು ಕೈಹಿಡಿಯಿತು ಎಂದು ಹೆಜ್ಜೆಹೆಜ್ಜೆಗೂ ಕೇಳುವ ಸಂದರ್ಶನ ಕ್ರಮವನ್ನು ರೂಪಿಸಿದರು. ಜನರು ಕೊರತೆಗಳ ಮೂಟೆಯಾಗಿ ಕಾಣುವುದು ನಿಂತು, ದಾರಿ ಹುಡುಕುತ್ತಿರುವವರಾಗಿ ಕಾಣತೊಡಗಿದರು.

ಚಾಟ್‌ಮನ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ವಿಶ್ವವಿದ್ಯಾಲಯವೊಂದರ ಸ್ವಚ್ಛತಾ ಕಾರ್ಮಿಕರು, ನಿವೃತ್ತ ಮಹಿಳೆಯರು, ಸೆರೆಮನೆಯ ಹೆಂಗಸರು, ಹೀಗೆ ಯಾರ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲವೋ ಅವರ ನಡುವೆ ಅವರ ಕ್ಷೇತ್ರಕಾರ್ಯ ನಡೆಯಿತು. 1996ರಲ್ಲಿ ಅವರು ಮಂಡಿಸಿದ ಮಾಹಿತಿ ಬಡತನದ ಸಿದ್ಧಾಂತದಲ್ಲಿ ಆರು ಸೂತ್ರಗಳಿವೆ. ಗುಟ್ಟು ಕಾಯುವುದು, ಸುಳ್ಳು ಹೇಳುವುದು, ಕೇಳಿದರೆ ಆಗಬಹುದಾದ ಹಾನಿಯನ್ನು ತೂಗಿ ನೋಡುವುದು, ಇವೆಲ್ಲ ಆತ್ಮರಕ್ಷಣೆಯ ಬಗೆಗಳು ಎಂಬುದು ಅವುಗಳ ಸಾರ. ನೆರವು ಕೇಳದವರನ್ನು ಅಜ್ಞಾನಿಗಳೆಂದು ಕರೆಯುವ ಚಾಳಿಗೆ ಇಷ್ಟು ಬಲವಾದ ಉತ್ತರ ಈ ಶಿಸ್ತಿನಲ್ಲಿ ಅದುವರೆಗೆ ಬಂದಿರಲಿಲ್ಲ. ನಮ್ಮಲ್ಲಿ ಕೂಡ ಕ್ಷಯದ ಔಷಧಿಗೆ ಪಕ್ಕದೂರಿನ ಆಸ್ಪತ್ರೆಗೆ ಹೋಗುವವರಿದ್ದಾರೆ, ಗಂಡ ಹೊಡೆದದ್ದನ್ನು ಆಶಾ ಕಾರ್ಯಕರ್ತೆಯ ಮುಂದೆಯೂ ಹೇಳದ ಹೆಂಗಸರಿದ್ದಾರೆ. ಅವರಿಗೆ ಗೊತ್ತಿಲ್ಲದ್ದೇನೂ ಇಲ್ಲ. ಹೇಳಿದರೆ ಮುಂದೇನಾಗುತ್ತದೆ ಎಂಬುದು ಚೆನ್ನಾಗಿಯೇ ಗೊತ್ತು.

ಆದರೆ ಆ ಆರು ಸೂತ್ರಗಳಲ್ಲಿ ಎರಡನೆಯದು ಬೇರೆಯೇ ಬಗೆಯದು. ಮಾಹಿತಿ ಬಡತನಕ್ಕೆ ವರ್ಗಭೇದವೂ ಒಂದು ಕಾರಣ, ಮಾಹಿತಿಯ ದಾರಿಯನ್ನು ಕೈಯಲ್ಲಿಟ್ಟುಕೊಂಡ ಹೊರಗಿನವರು ಅದನ್ನು ತಡೆಹಿಡಿಯುತ್ತಾರೆ ಎನ್ನುತ್ತದೆ ಅದು. ಬೀಜ ಅಲ್ಲೇ ಇತ್ತು. ಚಾಟ್‌ಮನ್ ಅದಕ್ಕೆ ನೀರೆರೆಯಲಿಲ್ಲ. 1999ರಲ್ಲಿ ಸೆರೆಮನೆಯ ಅಧ್ಯಯನದಿಂದ ಅವರು ಕಟ್ಟಿದ ಸಿದ್ಧಾಂತ, ತನ್ನದೇ ನಿಯಮಗಳಲ್ಲಿ ಸುಸೂತ್ರವಾಗಿ ನಡೆಯುವ ಪುಟ್ಟ ಲೋಕವೊಂದು ಹೊರಗಿನ ಮಾಹಿತಿಯನ್ನು ಯಾಕೆ ಬಯಸುವುದಿಲ್ಲ ಎಂಬುದನ್ನು ಸೊಗಸಾಗಿ ವಿವರಿಸುತ್ತದೆ. ಆ ಲೋಕವನ್ನು ಪುಟ್ಟದಾಗಿಸಿದವರು ಯಾರು ಎಂಬ ಪ್ರಶ್ನೆ ಅಲ್ಲಿ ಬೆಳೆಯುವುದಿಲ್ಲ. ಸೆರೆಮನೆಯ ಆಡಳಿತ ಯಾವ ನಿಯಮವನ್ನು ತಿಳಿಸುತ್ತದೆ, ಯಾವುದನ್ನು ಮುಚ್ಚಿಡುತ್ತದೆ, ಕೈದಿಯ ವೈದ್ಯಕೀಯ ದಾಖಲೆ ಯಾರ ಬೀರುವಿನಲ್ಲಿರುತ್ತದೆ ಎಂಬುದೂ ಮಾಹಿತಿ ವಿಜ್ಞಾನವೇ ಅಲ್ಲವೇ? ಸಂಶೋಧಕಿಯ ಸಹಾನುಭೂತಿ ಎಷ್ಟೇ ಆಳವಾಗಿದ್ದರೂ ಆಕೆಯ ದೀಪ ಬಿದ್ದದ್ದು ಕೈದಿಯ ಮುಖದ ಮೇಲೆ. ಕಾವಲಿನವರು ಕತ್ತಲಲ್ಲೇ ಉಳಿದರು.

ಈ ಕೊರತೆಯನ್ನು ಮುಂದಿನವರು ಕಂಡುಕೊಂಡರು. 2007ರಲ್ಲಿ ಯೂಟಾ ಹೈಡರ್ ಮತ್ತು ಡೇವಿಡ್ ಬಾಡನ್, ಈ ಶಿಸ್ತಿನ ಬರಹಗಳು ‘ಮಾಹಿತಿ ಬಡವ’ ಎಂಬ ವ್ಯಕ್ತಿಯನ್ನು ಹೇಗೆ ನಿರ್ಮಿಸುತ್ತವೆ, ಆತನನ್ನು ಉದ್ಧರಿಸುವ ಪಾತ್ರವನ್ನು ಗ್ರಂಥಪಾಲಕರಿಗೆ ಹೇಗೆ ಕೊಡುತ್ತವೆ ಎಂಬುದನ್ನು ಬಿಡಿಸಿಟ್ಟರು. 2019ರಲ್ಲಿ ಅಮೀಲಿಯಾ ಗಿಬ್ಸನ್ ಮತ್ತು ಜಾನ್ ಮಾರ್ಟಿನ್, ಅಂಗವಿಕಲ ಮಕ್ಕಳ ತಂದೆತಾಯಿಗಳ ನಡುವೆ ನಡೆಸಿದ ಅಧ್ಯಯನವನ್ನು ಪ್ರಕಟಿಸಿದರು. ಆ ಪೋಷಕರು ಹುಡುಕುವುದರಲ್ಲಿ ಹಿಂದೆ ಬಿದ್ದವರಲ್ಲ. ತಮ್ಮ ಮಗುವಿಗೆ ಏನೇನು ಹಕ್ಕಿದೆ ಎಂಬುದನ್ನು ಶಾಲೆ ಮತ್ತು ಸೇವಾ ಸಂಸ್ಥೆಗಳು ಸ್ಪಷ್ಟವಾಗಿ ಹೇಳದಿದ್ದಾಗ ಒಬ್ಬರಿಗೊಬ್ಬರು ಹೇಳಿಕೊಂಡು ದಾರಿ ಮಾಡಿಕೊಂಡವರು. ಹಾಗಾಗಿ ಇಂಥ ಮಾಹಿತಿ ಕೊರತೆಯನ್ನು ಬಡತನವೆಂದು ನೋಡದೆ, ವ್ಯವಸ್ಥೆಯೇ ಜನರನ್ನು ಅಂಚಿಗೆ ತಳ್ಳುವ ಕ್ರಿಯೆಯೆಂದು ನೋಡಬೇಕು ಎಂದು ಗಿಬ್ಸನ್ ಮತ್ತು ಮಾರ್ಟಿನ್ ವಾದಿಸಿದರು. ಚಾಟ್‌ಮನ್ ಅವರ ಎರಡನೇ ಸೂತ್ರಕ್ಕೆ ಕೊನೆಗೂ ನ್ಯಾಯ ಸಿಕ್ಕಿತು.

ಇದೇ ಹೊತ್ತಿಗೆ ಇನ್ನೊಂದು ಧಾರೆಯೂ ಬಂದು ಸೇರಿತ್ತು. ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ ಕಣಿವೆಯ ಹವಾಸುಪಾಯಿ ಮೂಲನಿವಾಸಿಗಳು 1990ರ ಸುಮಾರಿಗೆ ಮಧುಮೇಹದ ಸಂಶೋಧನೆಗೆಂದು ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದವರಿಗೆ ರಕ್ತ ಕೊಟ್ಟಿದ್ದರು. ಅದೇ ರಕ್ತವನ್ನು ಸ್ಕಿಜೋಫ್ರೇನಿಯಾ, ಒಳಸಂಬಂಧದ ಮದುವೆ, ಜನಾಂಗದ ವಲಸೆಯ ಅಧ್ಯಯನಗಳಿಗೂ ಬಳಸಿದ್ದು ಆಮೇಲೆ ತಿಳಿಯಿತು. ತಮ್ಮ ಹುಟ್ಟು ಆ ಕಣಿವೆಯಲ್ಲೇ ಎಂದು ನಂಬಿದ ಜನಕ್ಕೆ, ನೀವು ಬೇರೆಲ್ಲಿಂದಲೋ ಬಂದವರು ಎಂದು ಅವರದೇ ರಕ್ತದಿಂದ ಹೇಳಹೊರಟದ್ದು ದೊಡ್ಡ ಗಾಯ. 2010ರಲ್ಲಿ ವಿಶ್ವವಿದ್ಯಾಲಯ 7 ಲಕ್ಷ ಡಾಲರ್ ಪರಿಹಾರಕ್ಕೆ ಒಪ್ಪಿ, ರಕ್ತದ ಮಾದರಿಗಳನ್ನೂ ಹಿಂದಿರುಗಿಸಿತು. ಇಂಥ ಅನುಭವಗಳೇ ಹೊಸ ನಿಯಮಗಳನ್ನು ಹುಟ್ಟಿಸಿದವು. 1998ರಲ್ಲಿ ಕೆನಡಾದ ಮೂಲನಿವಾಸಿಗಳು ತಮ್ಮ ದತ್ತಾಂಶದ ಒಡೆತನ, ನಿಯಂತ್ರಣ, ಬಳಕೆ, ಸ್ವಾಧೀನ ನಾಲ್ಕೂ ತಮ್ಮದೇ ಎಂದು ಸಾರಿದರು. 1999ರಲ್ಲಿ ನ್ಯೂಜಿಲೆಂಡಿನ ಮಾವೋರಿ ವಿದುಷಿ ಲಿಂಡಾ ತುಹಿವಾಯಿ ಸ್ಮಿತ್ ‘ಡಿಕಾಲನೈಸಿಂಗ್ ಮೆಥಡಾಲಜೀಸ್’ ಬರೆದು, ಸಂಶೋಧನೆಗೂ ವಸಾಹತುಶಾಹಿಗೂ ಇರುವ ನಂಟನ್ನು ತೆರೆದಿಟ್ಟರು. ಯಾರ ಪ್ರಶ್ನೆ, ಯಾರಿಗೆ ಲಾಭ, ವರದಿ ಯಾರ ಕೈ ಸೇರುತ್ತದೆ ಎಂಬುದನ್ನು ಕೇಳದೆ ಕ್ಷೇತ್ರಕ್ಕೆ ಇಳಿಯುವುದು ಅಲ್ಲಿಂದಾಚೆ ಕಷ್ಟವಾಯಿತು.

ಈ ಧಾರೆಯನ್ನು ನಾನು ಮನಸಾರೆ ಗೌರವಿಸುತ್ತೇನೆ. ಆದರೆ ಅದನ್ನು ಹಾಗೆಯೇ ತಂದು ನಮ್ಮ ಹಳ್ಳಿಯಲ್ಲಿ ನೆಡಲಾಗದು. ತನ್ನದೇ ಪರಿಷತ್ತು ಇರುವ ಒಂದು ಮೂಲನಿವಾಸಿ ಸಮುದಾಯ ತನ್ನ ಒಪ್ಪಿಗೆಯನ್ನು ತಾನೇ ಹೇಳಬಲ್ಲದು. ಜಾತಿಗೊಂದು ಕೇರಿಯಿರುವ ಊರಿನಲ್ಲಿ ಸಮುದಾಯದ ಒಪ್ಪಿಗೆ ಎಂದರೆ ಯಾರ ಒಪ್ಪಿಗೆ? ಊರ ಗೌಡರು ಹೂಂ ಅಂದದ್ದು ದಲಿತ ಕೇರಿಯ ಹೆಂಗಸಿನ ಒಪ್ಪಿಗೆಯಾಗುತ್ತದೆಯೇ? ಈ ಪ್ರಶ್ನೆಗೆ ನಮ್ಮಲ್ಲೇ ಒಂದು ಹಳೆಯ ಪಾಠವಿದೆ. 1980ರ ದಶಕದ ಕೊನೆಗೆ ಬೆಂಗಳೂರಿನ ಮೈರಾಡಾ ಸ್ವಯಂಸೇವಾ ಸಂಸ್ಥೆಯವರು ಅಭಿವೃದ್ಧಿ ತಜ್ಞ ರಾಬರ್ಟ್ ಚೇಂಬರ್ಸ್ ಮೊದಲಾದವರ ಒಡನಾಟದಲ್ಲಿ ಪಿಆರ್‌ಎ, ಅಂದರೆ ಸಹಭಾಗಿ ಗ್ರಾಮ ಸಮೀಕ್ಷೆಯ ವಿಧಾನವನ್ನು ಬೆಳೆಸಿದರು. ಹಳ್ಳಿಗರೇ ನೆಲದ ಮೇಲೆ ರಂಗೋಲಿ ಪುಡಿ, ಕಾಳುಗಳಿಂದ ತಮ್ಮೂರಿನ ನಕ್ಷೆ ಬಿಡಿಸುವುದು, ತಾವೇ ಮನೆಗಳ ಸ್ಥಿತಿಗತಿಯನ್ನು ವಿಂಗಡಿಸುವುದು, ಪ್ರಶ್ನಾವಳಿಯ ದರ್ಬಾರು ಕಂಡವರಿಗೆ ಅದು ದೊಡ್ಡ ಬಿಡುಗಡೆ. ಆದರೆ 1994ರಲ್ಲಿ ಮಾನವಶಾಸ್ತ್ರಜ್ಞ ಡೇವಿಡ್ ಮಾಸ್, ಪಶ್ಚಿಮ ಭಾರತದ ಒಂದು ಕೃಷಿ ಯೋಜನೆಯಲ್ಲಿ ಕಂಡದ್ದನ್ನು ಬರೆದರು. ಇಂಥ ಸಮೀಕ್ಷೆ ನಾಲ್ಕು ಜನರ ಎದುರು ನಡೆಯುವ ಕಲಾಪ. ಅಲ್ಲಿ ಗಟ್ಟಿಯಾಗಿ ಮಾತನಾಡಬಲ್ಲವರ ಅಭಿಪ್ರಾಯವೇ ಊರಿನ ಅಭಿಪ್ರಾಯವಾಗುತ್ತದೆ, ಹೆಂಗಸರು ಬರುವುದೇ ಕಡಿಮೆ. ನಕ್ಷೆ ಜನರದ್ದೇ, ಆದರೆ ಆ ಜನರೊಳಗಿನ ಏಣಿಶ್ರೇಣಿ ಅದರಲ್ಲಿ ಕಾಣುವುದಿಲ್ಲ.

ವಿಶ್ವವಿದ್ಯಾಲಯದ ಒಳಗೂ ಇದೇ ಶ್ರೇಣಿಯಿದೆ. ಭಾರತದ ಸಮಾಜ ವಿಜ್ಞಾನಗಳು ಎಷ್ಟು ಸಮಾನತಾವಾದಿ ಎಂದು 2002ರಲ್ಲಿ ರಾಜ್ಯಶಾಸ್ತ್ರಜ್ಞ ಗೋಪಾಲ್ ಗುರು ಕೇಳಿದ ಪ್ರಶ್ನೆ, ಆಮೇಲೆ ತತ್ವಶಾಸ್ತ್ರಜ್ಞ ಸುಂದರ್ ಸರುಕ್ಕೈ ಜೊತೆಗಿನ ಅವರ ಸಂವಾದವಾಗಿ ಬೆಳೆದ ‘ದಿ ಕ್ರ್ಯಾಕ್ಡ್ ಮಿರರ್’ ಪುಸ್ತಕ, ಈ ಗಾಯದ ಮೇಲೇ ಬೆರಳಿಟ್ಟಿವೆ. ಸಿದ್ಧಾಂತ ಕಟ್ಟುವುದು ಕೆಲವರ ಹಕ್ಕು, ಅನುಭವದ ಕಚ್ಚಾ ಸರಕು ಒದಗಿಸುವುದು ಉಳಿದವರ ಪಾಲು ಎಂಬ ಹಂಚಿಕೆ ಇರುವವರೆಗೆ, ಸಹಭಾಗಿತ್ವ ಎಂಬುದು ಸಂಶೋಧನಾ ಪ್ರಸ್ತಾವನೆಯ ಒಂದು ಅಲಂಕಾರವಾಗಿಯೇ ಉಳಿಯುತ್ತದೆ.

ಹಾಗಾದರೆ ದಾಖಲೆಗಳನ್ನು ಎಲ್ಲರಿಗೂ ಸಿಗುವಂತೆ ಮಾಡಿದರೆ ಸಾಕೇ? ಕರ್ನಾಟಕದ ಭೂಮಿ ಯೋಜನೆ ಇದಕ್ಕೆ ಉತ್ತರ ಕೊಟ್ಟಿದೆ. ಗ್ರಾಮ ಲೆಕ್ಕಿಗರ ಕೈಯಲ್ಲಿದ್ದ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು, ತಾಲ್ಲೂಕು ಕೇಂದ್ರದಲ್ಲಿ 15 ರೂಪಾಯಿಗೆ ಪಹಣಿ ಸಿಗತೊಡಗಿತು. ದೇಶವಿದೇಶಗಳ ಪ್ರಶಂಸೆ ಬಂತು. 2007ರಲ್ಲಿ ಸಂಶೋಧಕ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಬೆಂಗಳೂರಿನ ಸುತ್ತಲಿನ ಹಳ್ಳಿಗಳನ್ನು ನೋಡಿ ಬೇರೆ ಚಿತ್ರ ಕೊಟ್ಟರು. ಊರಿನಲ್ಲಿದ್ದ ಅಧಿಕಾರ ತಾಲ್ಲೂಕಿಗೆ, ಅಲ್ಲಿಂದ ಮೇಲಕ್ಕೆ ಸರಿಯಿತು, ಸಣ್ಣ ರೈತನಿಗೆ ಲಂಚದ ಹೊರೆ ಇಳಿಯಲಿಲ್ಲ, ಭೂಮಿಯ ಲೆಕ್ಕ ಒಂದೇ ಕಡೆ ಸಿಕ್ಕಿದ್ದು ದೊಡ್ಡ ಖರೀದಿದಾರರಿಗೆ ಅನುಕೂಲವಾಯಿತು ಎಂಬುದು ಅವರ ವಾದ. ಈ ಅಧ್ಯಯನವನ್ನು ನಾನು ಮೆಚ್ಚುವುದು ಅದು ರೈತನ ಕಂಪ್ಯೂಟರ್ ಜ್ಞಾನವನ್ನು ಅಳೆಯಲು ಹೋಗಲಿಲ್ಲ ಎಂಬುದಕ್ಕೆ. ಕಡತ ಯಾರ ಮೇಜಿನಿಂದ ಯಾರ ಮೇಜಿಗೆ ಹೋಯಿತು ಎಂಬುದನ್ನು ಅದು ಹಿಂಬಾಲಿಸಿತು.

ಈ ನೋಟದ ತುದಿ ತಲುಪಿದವರು ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು. 1990ರಲ್ಲಿ ರಾಜಸ್ಥಾನದ ಭೀಮ್‌ನಲ್ಲಿ ಹುಟ್ಟಿದ ಈ ಸಂಘಟನೆ, 1994ರ ಡಿಸೆಂಬರಿನಲ್ಲಿ ಪಾಲಿ ಜಿಲ್ಲೆಯ ಕೋಟ್ ಕಿರಾನಾ ಎಂಬಲ್ಲಿ ಮೊದಲ ಜನಸುನ್ವಾಯಿ, ಅಂದರೆ ಸಾರ್ವಜನಿಕ ವಿಚಾರಣೆ ನಡೆಸಿತು. ಸರ್ಕಾರಿ ಕಾಮಗಾರಿಗಳ ಹಾಜರಿ ಪಟ್ಟಿಯನ್ನು ಜನರ ಮುಂದೆ ಗಟ್ಟಿಯಾಗಿ ಓದಿದರು. ಕೂಲಿ ಪಡೆದವರ ಪಟ್ಟಿಯಲ್ಲಿ ಸತ್ತವರಿದ್ದರು, ಊರು ಬಿಟ್ಟು ಹೋದವರಿದ್ದರು, ಆ ಕೆಲಸಕ್ಕೆ ಕಾಲಿಡದವರಿದ್ದರು. ಓದುಬರಹ ಬಾರದ ಹೆಂಗಸರು ಎದ್ದು ನಿಂತು ಸರ್ಕಾರದ ದಾಖಲೆಯನ್ನು ತಿದ್ದಿದರು. ಸಂಶೋಧನಾ ವಿಧಾನದ ಕಣ್ಣಿನಿಂದ ನೋಡಿದರೆ ಇಲ್ಲಿ ಎಲ್ಲವೂ ಇದೆ: ಮೂಲ ದಾಖಲೆಯ ಸಂಗ್ರಹ, ಸಾಕ್ಷ್ಯದೊಂದಿಗೆ ತಾಳೆ, ಸಾರ್ವಜನಿಕ ಮೌಲ್ಯಮಾಪನ. ವ್ಯತ್ಯಾಸ ಒಂದೇ. ಬಡವರು ಪರಿಶೀಲಿಸುವವರಾದರು, ಕಚೇರಿ ಪರಿಶೀಲನೆಗೆ ಒಳಗಾಯಿತು. ಆ ಹೋರಾಟದಿಂದ 2005ರ ಮಾಹಿತಿ ಹಕ್ಕು ಕಾಯ್ದೆಗೆ ಬಲ ಬಂತು, ಅದೇ ವರ್ಷದ ಗ್ರಾಮೀಣ ಉದ್ಯೋಗ ಖಾತ್ರಿ ಕಾಯ್ದೆಯಲ್ಲಿ ಗ್ರಾಮಸಭೆಯಿಂದ ಸಾಮಾಜಿಕ ಪರಿಶೋಧನೆ ನಡೆಯಬೇಕೆಂಬ ನಿಯಮ ಸೇರಿತು. ಮಾಹಿತಿ ವಿಜ್ಞಾನದ ಯಾವ ಪ್ರಬಂಧಕ್ಕಾದರೂ ಇಷ್ಟು ಫಲ ಸಿಕ್ಕಿದೆಯೇ?

ಹಾಗೆಂದು ಚಾಟ್‌ಮನ್ ಅವರನ್ನು ಬದಿಗಿಡಲಾಗದು. ಎದ್ದು ನಿಂತು ಮಾತನಾಡಿದವರು ಸಭೆ ಮುಗಿದ ಮೇಲೂ ಅದೇ ಊರಿನಲ್ಲಿ ಬದುಕಬೇಕು. ಮಾಹಿತಿ ಹಕ್ಕಿನ ಅರ್ಜಿ ಹಾಕಿದ್ದಕ್ಕೆ ಈ ದೇಶದಲ್ಲಿ ಜನ ಏಟು ತಿಂದಿದ್ದಾರೆ, ಪ್ರಾಣವನ್ನೂ ಕಳೆದುಕೊಂಡಿದ್ದಾರೆ. ಕೇಳುವುದರ ಅಪಾಯವನ್ನು ಬಡವರು ತೂಗಿ ನೋಡುತ್ತಾರೆ ಎಂಬ ಚಾಟ್‌ಮನ್ ಅವರ ಮಾತು ಸಾಮಾಜಿಕ ಪರಿಶೋಧನೆಯ ಸಭೆಯಲ್ಲಿ ಇನ್ನಷ್ಟು ನಿಜ. ಗ್ರಾಮಸಭೆಯಲ್ಲಿ ಯಾರೂ ದೂರು ಹೇಳಲಿಲ್ಲ ಎಂದು ಬರೆದ ನಡಾವಳಿಯನ್ನು ತೃಪ್ತಿಯ ಪುರಾವೆಯೆಂದು ಓದಬಾರದು ಎನ್ನುವುದಕ್ಕೆ ಅವರ ಸಿದ್ಧಾಂತವೇ ಆಧಾರ. ಮೌನವನ್ನು ಓದುವ ಜಾಣ್ಮೆ ಅವರದ್ದು, ಮೌನ ಮುರಿಯಲು ಬೇಕಾದ ಜನಬೆಂಬಲ ಜನಸುನ್ವಾಯಿಯದ್ದು. ಎರಡನ್ನೂ ಜೋಡಿಸಬೇಕಾದ ಹೊಣೆ ಈಗಿನ ಸಂಶೋಧಕರದ್ದು.

ಕರ್ನಾಟಕದಲ್ಲಿ ಗ್ರಂಥಾಲಯ ವಿಜ್ಞಾನದ ವಿಭಾಗಗಳಿಗೆ ಕೊರತೆಯಿಲ್ಲ. ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1962ರಲ್ಲಿ ಡಿಆರ್‌ಟಿಸಿ, ಅಂದರೆ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದ್ದು ಬೆಂಗಳೂರಿನಲ್ಲೇ. ಈ ನೆಲದ ಸಂಶೋಧಕರಿಂದ ನಾನು ಬಯಸುವುದು ಮೂರು. ಕ್ಷೇತ್ರಕಾರ್ಯ ಪಂಚಾಯಿತಿ ಕಚೇರಿಯಿಂದ, ನಾಡಕಚೇರಿಯಿಂದ ಶುರುವಾಗಲಿ: ಯಾವ ದಾಖಲೆ ಇದೆ, ಯಾರ ಸುಪರ್ದಿಯಲ್ಲಿದೆ, ಕೇಳಿದಾಗ ಏನಾಗುತ್ತದೆ ಎಂಬುದು ಮೊದಲ ಅಧ್ಯಾಯವಾಗಲಿ. ಪ್ರಬಂಧ ವಿಶ್ವವಿದ್ಯಾಲಯಕ್ಕೆ ಸಲ್ಲುವ ಮುನ್ನ ಅದರ ಸಾರವನ್ನು ಕನ್ನಡದಲ್ಲಿ, ಕೇರಿಕೇರಿಗೂ, ಹೆಂಗಸರಿಗೆ ಪ್ರತ್ಯೇಕವಾಗಿ, ಓದಿ ಹೇಳಲಿ. ಅವರು ತಿದ್ದಿದ್ದು ಪ್ರಬಂಧದೊಳಗೆ ಬರಲಿ. ಜನರು ನಂಬಿ ಹೇಳಿದ್ದರಲ್ಲಿ ಅವರಿಗೆ ಹಾನಿ ತರಬಲ್ಲದ್ದನ್ನು ಬರೆಯದೆ ಬಿಡುವ ಧೈರ್ಯ ಸಂಶೋಧಕರಿಗೆ ಇರಲಿ, ಅದನ್ನು ಒಪ್ಪುವ ಉದಾರತೆ ಪರೀಕ್ಷಕರಿಗೆ ಇರಲಿ.

ಇವು ದುಬಾರಿ ಬೇಡಿಕೆಗಳಲ್ಲ. ಆದರೆ ಇವು ಸಂಶೋಧಕರನ್ನು ತಮ್ಮ ಅನುದಾನ ಬರುವ ಕಡೆಗೇ ಬೆರಳು ತೋರಿಸುವಂತೆ ಮಾಡುತ್ತವೆ, ಹಿಂಜರಿಕೆಯ ಮೂಲ ಅಲ್ಲಿದೆ. ಐವತ್ತು ವರ್ಷ ನಾವು ಬಡವರಿಗೆ ಏನು ಗೊತ್ತಿಲ್ಲ ಎಂದು ಕೇಳಿದ್ದಾಯಿತು. ಅವರಿಗೆ ಏನನ್ನು ಹೇಳಿಲ್ಲ, ಯಾಕೆ ಹೇಳಿಲ್ಲ ಎಂಬ ಪ್ರಶ್ನೆಯನ್ನು ಅಧಿಕಾರದಲ್ಲಿರುವವರ ಮುಂದಿಟ್ಟು, ಅವರಿಂದ ಉತ್ತರ ಪಡೆದ ದಿನ ಮಾತ್ರ ಈ ಪರಂಪರೆ ತನ್ನನ್ನು ವಿಮರ್ಶಾತ್ಮಕ ಎಂದು ಕರೆದುಕೊಳ್ಳುವುದಕ್ಕೆ ಅರ್ಹವಾಗುತ್ತದೆ.