ಚಿತ್ರ ನೋಡಿ ಮೈ ಬಗ್ಗಿಸುವವರಿಗೆ

ಬಿ.ಕೆ.ಎಸ್. ಅಯ್ಯಂಗಾರರ ‘ಲೈಟ್ ಆನ್ ಯೋಗ’ವನ್ನ ಓದಿದವರಿಗಿಂತ ನೋಡಿದವರೇ ಹೆಚ್ಚು ಅಂತ ನನ್ನ ಗುಮಾನಿ. 1966ರಲ್ಲಿ ಮೊದಲು ಅಚ್ಚಾದ ಈ ಪುಸ್ತಕದಲ್ಲಿ 600ಕ್ಕೂ ಹೆಚ್ಚು ಫೋಟೋಗಳಿವೆ. ಪಿಟೀಲು ವಾದಕ ಯೆಹೂದಿ ಮೆನುಹಿನ್ ಬರೆದ ಮುನ್ನುಡಿ ಇದೆ. ಯಾವ ಪುಟ ತಿರುವಿದರೂ ಚಡ್ಡಿ ತೊಟ್ಟ ಅದೇ ಗಟ್ಟಿ ಮೈ, ಹಿಟ್ಟಿನ ಉಂಡೆಯನ್ನ ಬೇಕಾದ ಹಾಗೆ ತಟ್ಟಿದಂತೆ ಬಾಗಿ, ಮಡಚಿ, ತಿರುಚಿ ಕೂತಿರುತ್ತೆ. ನೋಡಿದವರಿಗೆ ಮೊದಲು ಬೆರಗು, ಆಮೇಲೆ ಒಂದು ಆಸೆ: ನಾನೂ ಹೀಗೆ ಬಗ್ಗಬೇಕು.

ತೊಂದರೆ ಶುರುವಾಗೋದು ಇಲ್ಲಿಂದ. ಫೋಟೋದಲ್ಲಿ ಕಾಣೋದು ಮೈ ಹೋಗಿ ಮುಟ್ಟಿದ ಜಾಗ. ಅಲ್ಲಿಗೆ ಹೋದ ದಾರಿಯೂ ಇದೇ ಪುಸ್ತಕದಲ್ಲಿದೆ, ಆದರೆ ನಾವು ಬೆರಳು ಆಡಿಸದ ಪುಟಗಳಲ್ಲಿ.

ಪ್ರತಿ ಆಸನದ ಹೆಸರಿನ ಪಕ್ಕ ನಕ್ಷತ್ರದ ಗುರುತು ಹಾಕಿದ ಒಂದು ಸಂಖ್ಯೆ ಇದೆ ನೋಡಿ. ಅದು ಕಷ್ಟದ ಅಳತೆ. ನೆಟ್ಟಗೆ ನಿಲ್ಲುವ ತಾಡಾಸನಕ್ಕೆ 1. ಅಲ್ಲಿಂದ ಏರುತ್ತಾ 60ರವರೆಗೆ ಹೋಗುತ್ತೆ. ಪುಸ್ತಕದ ಕೊನೆಯಲ್ಲಿ ವಾರವಾರದ ಪಟ್ಟಿ ಇದೆ: ಯಾವ ವಾರ ಯಾವ ಆಸನ ಅಂತ 300 ವಾರಗಳಿಗೆ ಹಂಚಿದ್ದಾರೆ. ಅಂದರೆ ಹೆಚ್ಚುಕಡಿಮೆ ಆರು ವರ್ಷ! ಆರು ವರ್ಷದ ಪಾಠವನ್ನ ನಾವು ಒಂದು ಭಾನುವಾರ ಬೆಳಿಗ್ಗೆ ಮಾಡಲು ಹೋಗಿ ಸೊಂಟ ಹಿಡ್ಕೊಂಡು ಕೂತರೆ, ಅದು ಪುಸ್ತಕದ ತಪ್ಪಲ್ಲ.

ಹಾಗಂತ ಪುಸ್ತಕದಲ್ಲಿ ತಪ್ಪೇ ಇಲ್ಲ ಅನ್ನಕ್ಕೂ ಆಗಲ್ಲ. ಎಲ್ಲರಿಗೂ ಗೊತ್ತಿರೋ ಪಶ್ಚಿಮೋತ್ತಾನಾಸನವನ್ನೇ ತಗೊಳ್ಳಿ. ಕಾಲು ನೀಡಿ ಕೂತು ಮುಂದಕ್ಕೆ ಬಾಗೋದು. ಹೊಸಬರ ಬೆನ್ನು ಇಲ್ಲಿ ಗೂನಾಗುತ್ತೆ, ಯಾಕಂದ್ರೆ ಅವರು ಭುಜದಿಂದ ಬಾಗ್ತಾರೆ, ಸೊಂಟದ ಕೆಳಗಿನಿಂದಲೇ ಬಾಗೋದನ್ನ ಕಲೀಬೇಕು ಅಂತಾರೆ ಅಯ್ಯಂಗಾರರು. ಅರ್ಧ ಶತಮಾನದ ಮೇಲೂ ಇದಕ್ಕಿಂತ ಒಳ್ಳೆ ಮಾತನ್ನ ಯಾರೂ ಹೇಳಿಲ್ಲ. ಆದರೆ ಮುಂದಿನ ಸಾಲುಗಳಲ್ಲಿ ಏಣಿ ಹತ್ತಿಸ್ತಾರೆ. ಮೊಣಕೈಯನ್ನ ಸನ್ನೆಗೋಲಿನ ಹಾಗೆ ಬಳಸಿ ಮೈಯನ್ನ ಮುಂದಕ್ಕೆ ಎಳೆಯಿರಿ, ಮೊದಲು ಹಣೆ ಮಂಡಿಗೆ, ಆಮೇಲೆ ಮೂಗು, ಆಮೇಲೆ ತುಟಿ, ಇದು ಸಲೀಸಾದರೆ ಗಲ್ಲ. ಹೀಗೆ 1ರಿಂದ 5 ನಿಮಿಷ ಇರಿ. ಮುಂದೆ ಹೋಗೋದು ಹೇಗೆ ಅಂತ ಇದೆ, ಯಾವಾಗ ನಿಲ್ಲಿಸಬೇಕು ಅಂತ ಅಲ್ಲಿ ಇಲ್ಲ. ಮುಖ, ಕಿವಿ, ಕಣ್ಣು, ಉಸಿರಾಟಕ್ಕೆ ಬಿಗಿ ಬರಬಾರದು ಅನ್ನೋ ಎಚ್ಚರಿಕೆ ಆಸನಗಳ ಶುರುವಿನ ಸೂಚನೆಗಳಲ್ಲಿದೆ. ಅದನ್ನ ಪ್ರತಿ ಪುಟದಲ್ಲೂ ಅಚ್ಚು ಹಾಕಬೇಕಿತ್ತು.

ಕೈಯಿಂದ ಎಳೆಯೋದು ಯಾಕೆ ಅಪಾಯ? ಸ್ನಾಯುವನ್ನ ಥಟ್ಟನೆ ಎಳೆದರೆ ಅದರೊಳಗಿನ ನರಗಳು ಅದನ್ನ ಗುರುತಿಸಿ ಸ್ನಾಯುವನ್ನೇ ಬಿಗಿ ಮಾಡುತ್ತವೆ. ಹಾಗಾಗಿ ಜೋತಾಡೋದು, ಕುಲುಕೋದು ಎರಡೂ ಉಲ್ಟಾ ಕೆಲಸ. ಇನ್ನೊಂದು ವಿಷಯ, ಕೆಲವು ವಾರ ಅಭ್ಯಾಸ ಮಾಡಿ ಹೆಚ್ಚು ಬಗ್ಗಿದಾಗ ಸ್ನಾಯು ಉದ್ದವಾಯ್ತು ಅಂದ್ಕೋತೀವಿ. ಶುರುವಿನ ಆ ಲಾಭದಲ್ಲಿ ಬಹುಪಾಲು ಎಳೆತವನ್ನ ತಡೆದುಕೊಳ್ಳೋ ಶಕ್ತಿ ಹೆಚ್ಚಿದ್ದರಿಂದ ಬಂದದ್ದು. ಈ ಒಪ್ಪಂದ ನಿಧಾನವಾಗಿ ಆಗಬೇಕು. ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ಸಾಮಾನ್ಯ ವಯಸ್ಕರಿಗೆ ಹೇಳೋದು ಬಹಳ ಸರಳ: ಮೈ ಬಿಸಿಯಾದ ಮೇಲೆ, ಬಿಗಿ ಅನ್ನಿಸೋ ತನಕ ಮಾತ್ರ, ಒಂದು ಸಲಕ್ಕೆ 10ರಿಂದ 30 ಸೆಕೆಂಡು, ಹೀಗೆ ಒಂದೊಂದು ಭಾಗಕ್ಕೆ ಒಟ್ಟು 60 ಸೆಕೆಂಡು, ವಾರಕ್ಕೆ ಕನಿಷ್ಠ 2–3 ದಿನ. ಇದರ ಪಕ್ಕದಲ್ಲಿ 5 ನಿಮಿಷ ಅನ್ನೋದನ್ನ ಹೊಸಬರು ಮೊದಲ ದಿನದ ಗುರಿ ಮಾಡ್ಕೋಬಾರದು.

ಅತಿಯಾಗಿ ಎಳೆದರೆ ಏನಾಗುತ್ತೆ ಅನ್ನೋದು ಅಯ್ಯಂಗಾರರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಕೋಲಾರ ಸೀಮೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿ, ಕಾಯಿಲೆಗಳಲ್ಲೇ ಬೆಳೆದ ಹುಡುಗ, 1934ರಲ್ಲಿ ಮೈಸೂರಿನ ಭಾವ ತಿರುಮಲೈ ಕೃಷ್ಣಮಾಚಾರ್ಯರ ಮನೆ ಸೇರಿದ. ಅಲ್ಲಿನ ಯೋಗಶಾಲೆಯಲ್ಲಿ ಗುರುಗಳು ಹನುಮಾನಾಸನ ಮಾಡು ಅಂದರು. ಒಂದು ಕಾಲು ಮುಂದಕ್ಕೆ, ಒಂದು ಹಿಂದಕ್ಕೆ ಪೂರಾ ನೀಡಿ ನೆಲಕ್ಕೆ ಕೂರೋ ಆಸನ. ಚಡ್ಡಿ ಬಿಗಿ ಅಂತ ಹುಡುಗ ನೆಪ ಹೇಳಿದ. ಕತ್ತರಿ ತರಿಸಿ ಚಡ್ಡಿ ಕತ್ತರಿಸಿದರು. ಹುಡುಗ ಕೂತ, ತೊಡೆಯ ಹಿಂದಿನ ಸ್ನಾಯು ಹರಿಯಿತು. ಅದು ವಾಸಿಯಾಗಲು ವರ್ಷಗಳೇ ಹಿಡಿದವು. ಅಯ್ಯಂಗಾರರೇ ಹೇಳಿಕೊಂಡಿರೋ ಸಂಗತಿ ಇದು.

ಮುಂದೆ ಪುಣೆಯಲ್ಲಿ ಅವರು ಕಲಿಸಿದ ಬಗೆ ನೋಡಿದರೆ ಈ ನೋವಿಗೆ ಕೊಟ್ಟ ಉತ್ತರದ ಹಾಗೇ ಕಾಣುತ್ತೆ. ಪಾದ ಕೈಗೆ ಸಿಗದಿದ್ದರೆ ಬೆಲ್ಟು, ನೆಲ ಸಿಗದಿದ್ದರೆ ಮರದ ಇಟ್ಟಿಗೆ, ಸೊಂಟ ಬಾಗದಿದ್ದರೆ ಕೂರಲು ಮಡಿಸಿದ ಕಂಬಳಿ, ಜೊತೆಗೆ ಕುರ್ಚಿ, ಗೋಡೆ, ಹಗ್ಗ. ಮೈಯನ್ನ ಚಿತ್ರದ ಹತ್ರ ಎಳಕೊಂಡು ಹೋಗೋ ಬದಲು ನೆಲವನ್ನೇ ಮೈ ಹತ್ರ ತರೋ ಉಪಾಯ. ವಾರದ ಪಟ್ಟಿಯ ಶುರುವಿನಲ್ಲೇ ಬರೋ ಸರ್ವಾಂಗಾಸನಕ್ಕೂ ಅವರ ಶಾಲೆಯಲ್ಲಿ ಭುಜದ ಕೆಳಗೆ ಕಂಬಳಿಗಳ ಅಟ್ಟಿ ಹಾಕಿ, ಕುತ್ತಿಗೆಗೆ ಭಾರ ಬೀಳದ ಹಾಗೆ ಕಲಿಸ್ತಾರೆ.

ನನ್ನ ದೊಡ್ಡ ಆಕ್ಷೇಪ ಇದೇ: ಈ ಕರುಣೆಯ ಮೇಷ್ಟ್ರು 1966ರ ಫೋಟೋಗಳಲ್ಲಿ ಕಾಣೋದೇ ಇಲ್ಲ ಅನ್ನಬಹುದು. ಅಲ್ಲಿರೋದು ಪ್ರದರ್ಶನ ಕೊಡೋ ಶಿಷ್ಯ. ಜಗತ್ತು ಆ ಶಿಷ್ಯನನ್ನೇ ನಕಲು ಮಾಡ್ತು. ಇವತ್ತು ಮೊಬೈಲಿನಲ್ಲಿ ಮೂವತ್ತು ದಿನಕ್ಕೆ ಕಾಲು ಚಾಚಿಸ್ತೀವಿ ಅನ್ನೋ ವಿಡಿಯೋಗಳೆಲ್ಲ ಅವರ ಫೋಟೋದ ಮೊಮ್ಮಕ್ಕಳು. 300 ವಾರದ ಪಟ್ಟಿ ಮಾತ್ರ ಅವುಗಳಿಗೆ ಆಸ್ತಿಯಾಗಿ ಬರಲಿಲ್ಲ.

ಆದರೂ ಪುಸ್ತಕ ಮನೇಲಿರಲಿ. ಹಿಂದಿನಿಂದ ಓದಿ, ಪಟ್ಟಿಯಿಂದ ಶುರು ಮಾಡಿ. ಹತ್ತು ನಿಮಿಷ ನಡೆದು ಬಂದು, ಮಡಿಸಿದ ಕಂಬಳಿ ಮೇಲೆ ಕೂತು, ಮಂಡಿ ಒಂಚೂರು ಮಡಚಿಕೊಂಡೇ ಬಾಗಿ. ತೊಡೆಯ ನಡುವೆ ಹಿಗ್ಗಿದ ಹಾಗೆ ಅನ್ನಿಸಿದರೆ ಸರಿ. ಮಂಡಿ ಹಿಂದೆ, ಅಥವಾ ಕೂತಾಗ ನೆಲಕ್ಕೆ ಒತ್ತೋ ಮೂಳೆ ಹತ್ರ ಚುಚ್ಚಿದರೆ, ಕಾಲಿಗೆ ಜೋಮು ಹಿಡಿದರೆ ಹಿಂದಕ್ಕೆ ಬನ್ನಿ. ಮೂಗು ಮಂಡಿಗೆ ಮುಟ್ಟದಿದ್ದರೆ ಯಾರ ಗಂಟೂ ಹೋಗಲ್ಲ.